ಬದುವಿನ ಬೇವಿಗೆ ಹಾಕಿದ ಏಟು

ಗಾಳಿ ಸೋಕುವುದು, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಮಾತು ತೆಗೆದರೆ ‘ಮೊದಲ ಹೊಟ್ಟಿ ತುಂಬ ಉಣ್ಣಸ್ರಿ, ಎಲ್ಲಾ ಬಿಟ್ಟು ಹೋಗ್ತಾವು’ ಎಂದು ಚೇಷ್ಟೆ ಮಾಡುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ಆದರೆ ಆರೇಳು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನ್ನ ಕೈಯಿಂದ ಆದದ್ದಕ್ಕೆ ಏನು ಹೆಸರಿಡಬೇಕೋ ತಿಳಿಯದೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಸಿಂದಗಿಯ ಹೊರಗೆ ನನ್ನದೊಂದು ಸಣ್ಣ ಕಟ್ಟಿಗೆ ಕೊಯ್ಯುವ ಮಿಲ್ಲು. ನಮ್ಮದು ಬಯಲು ಸೀಮೆ, ಕಾಡಿಲ್ಲ. ಮಿಲ್ಲು ನಡೆಯಬೇಕೆಂದರೆ ಹೊಲ ಹೊಲ ತಿರುಗಿ ಬದುವಿನ ಮೇಲಿನ ಬೇವು, ಜಾಲಿ ಹುಡುಕಬೇಕು. ಎತ್ತು ಕೊಳ್ಳುವುದು ಇದಕ್ಕಿಂತ ಸಲೀಸು. ಎತ್ತಿನ ಬಾಯಿ ತೆರೆದು ಹಲ್ಲು ನೋಡಬಹುದು, ಮರದ ಒಳಗಿನ ಟೊಳ್ಳು ಕೊಯ್ದ ಮೇಲೆಯೇ ಗೊತ್ತಾಗುವುದು. ಈ ಕಸುಬನ್ನು ನನಗೆ ಕಲಿಸಿದವರು ನಮ್ಮ ಮಿಲ್ಲಿನ ಮಿಸ್ತ್ರಿ ಖಾಜಾ ಕಾಕಾ. ನಾನು ಹೆಸರಿಗಷ್ಟೇ ಮಾಲಕ. ಹದಿನೆಂಟು ವರ್ಷ ಜೊತೆಗೆ ಕೂತು ರೊಟ್ಟಿ ತಿಂದಿದ್ದೆವು, ಒಂದು ಬಿರುಸು ಮಾತು ಆಡಿದ್ದಿಲ್ಲ.

ಎರಡು ಹೊಲಗಳ ನಡುವಿನ ಬದುವಿನ ಮರ ಕಡಿಯುವಾಗ ನಾವು ಪಾಲಿಸುವ ರೂಢಿ ಒಂದಿದೆ. ಆ ಹೊಲದವನು ಒಂದು ಏಟು, ಈ ಹೊಲದವನು ಒಂದು ಏಟು ಹಾಕಬೇಕು. ಆಮೇಲೆಯೇ ಕೂಲಿಯವರು ಕೊಡಲಿ ಎತ್ತುವುದು. ಇಬ್ಬರ ಒಪ್ಪಿಗೆಗೂ ಅದೇ ಸಹಿ.

ಕನ್ನೊಳ್ಳಿ ಕಡೆಯ ಒಂದು ಬದುವಿನಲ್ಲಿ ತೆಕ್ಕೆಗೆ ಸಿಗದಷ್ಟು ದಪ್ಪದ ಬೇವು ಸಿಕ್ಕಿತು. ಒಂದು ಹೊಲ ಅಣ್ಣ ಮಲ್ಲಪ್ಪನದು, ಇನ್ನೊಂದು ತಮ್ಮ ಕಲ್ಲಪ್ಪನದು. ಇಬ್ಬರಿಗೂ ವರ್ಷಗಳಿಂದ ಮಾತಿರಲಿಲ್ಲ, ಆದರೂ ಮರ ಕೊಡಲು ಇಬ್ಬರೂ ಹೂಂ ಅಂದಿದ್ದರು. ಕಡಿಯುವ ದಿನ ಅಣ್ಣ ತನ್ನ ಏಟು ಹಾಕಿದ. ತಮ್ಮ ಕೊಡಲಿ ಎತ್ತಿದವನು ಮರದ ಮುಂದೆ ನಿಂತುಬಿಟ್ಟ. ಗಕ್ಕನೆ ತಿರುಗಿ ಕೊಡಲಿಯ ಹಿಡಿಕೆಯಿಂದ ಅಣ್ಣನ ಬಾಯಿಗೇ ಹೊಡೆದ. ಎರಡು ಹಲ್ಲು ಕರಿಮಣ್ಣಿನಲ್ಲಿ ಬಿದ್ದವು. ಅಣ್ಣನ ಎದೆಯ ಮೇಲೆ ಕೂತು ಗುದ್ದುತ್ತಿದ್ದವನನ್ನು ನಾವು ನಾಲ್ಕು ಮಂದಿ ಸೇರಿ ಎಳೆದೆವು. ಅವನು ಕೊಡಲಿ ಅಲ್ಲೇ ಬಿಟ್ಟು ಹೊರಟುಹೋದ.

ಕೂಲಿಯವರು ಬಂದಾಗಿತ್ತು, ಟ್ರ್ಯಾಕ್ಟರ್ ಬಂದು ನಿಂತಿತ್ತು. ಮಲ್ಲಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡೇ ‘ಕಡೀರಿ’ ಎಂದು ಕೈ ಮಾಡಿದ. ನಾನು ಕಲ್ಲಪ್ಪನ ಕೊಡಲಿ ಎತ್ತಿಕೊಂಡೆ. ಖಾಜಾ ಕಾಕಾ ಅಡ್ಡ ಬಂದರು.

“ಮಾಲಕ್ರ, ಅದು ಅಂವನ ಏಟು ಐತಿ. ಮಂದಿ ಏಟು ನಾವು ಹಾಕಬಾರದ್ರಿ. ಅಂವನ ಸಿಟ್ಟು ಇಳದ ಮ್ಯಾಲ ಬರೂಣು.”

“ಯಾರ ಏಟು ಅಂತ ಬೇವಿಗೇನ ಗೊತ್ತಾಗತೈತಿ, ಕಾಕಾ?” ಎಂದು ನಕ್ಕೆ, ಹಾಕಿಯೇ ಬಿಟ್ಟೆ. ಸಂಜೆಯೊಳಗೆ ಮರ ದಿಮ್ಮಿಗಳಾಗಿ ಮಿಲ್ಲಿಗೆ ಬಂತು. ಅವುಗಳ ಜೊತೆ ಆ ಕೊಡಲಿಯೂ ಬಂದಿತ್ತು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಗರಗಸ ನಿಂತಿತ್ತು. ಕಾಕಾ ನನಗೆ ಬೆನ್ನು ಮಾಡಿ, ಬಾಗಿ, ದಿಮ್ಮಿಯ ಮೇಲೆ ದಾರ ಹಿಡಿದು ಗೆರೆ ಹಾಕುತ್ತಿದ್ದರು. ನಾನು ಆ ಕೊಡಲಿಯಿಂದ ಇನ್ನೊಂದು ದಿಮ್ಮಿಯ ತೊಗಟೆ ಸುಲಿಯುತ್ತಿದ್ದೆ. ಆಗ ಸಿಟ್ಟು ಬಂತು. ಯಾಕೆ ಎಂದು ಕೇಳಬೇಡಿ. ಅಂಗಾಲಿನಿಂದ ಹತ್ತಿದ್ದು ನೆತ್ತಿಗೆ ಹೋಯಿತು. ಬಾಗಿದ ಆ ಬೆನ್ನನ್ನು ಕಂಡರೆ ಹಲ್ಲು ತಾವಾಗಿ ಕಡಿಯುತ್ತಿದ್ದವು. ಅದು ಖಾಜಾ ಕಾಕಾರ ಬೆನ್ನು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಡಲಿ ಎತ್ತಿದೆ. ನನ್ನ ಬಾಯಿ ಕೂಗಿತು:

“ಅವ್ವನ ಬಾಯಾಗ ಒಂದ್ ಹನಿ ನೀರ್ ಬಿಡಾಕ ಬಿಡಲಿಲ್ಲೋ ನೀ!”

ಕೂಗಿಗೆ ಅವರು ತಿರುಗಿದರು. ತಿರುಗಿದ್ದರಿಂದ ಕೊರಳಿಗೆ ಬೀಳುವುದು ಹೆಗಲಿಗೆ ಬಿತ್ತು. ಎಲುಬಿಗೆ ಕಬ್ಬಿಣ ತಾಗಿದ್ದು ನನ್ನ ಅಂಗೈಗೆ ತಿಳಿಯಿತು. ರಕ್ತ ಚಿಲ್ಲೆಂದು ನನ್ನ ಮುಖಕ್ಕೆ ಹಾರಿತು, ಆದರೂ ಮತ್ತೆ ಎತ್ತಿದೆ. ಬಿದ್ದಲ್ಲಿಂದಲೇ ಕಾಕಾ ನನ್ನ ಮೊಣಕಾಲಿಗೆ ಒದ್ದರು. ನಾನು ಮಗುಚಿ ಬಿದ್ದೆ. ಬಿದ್ದದ್ದೇ ತಡ, ಸಿಟ್ಟು ಇಲ್ಲ! ಹುಡುಕಿದರೂ ಇಲ್ಲ. ಅವರ ಹೆಗಲಿಗೆ ನನ್ನ ಅಂಗಿ ಬಿಚ್ಚಿ ಒತ್ತಿ ಹಿಡಿದು ಮಗುವಿನಂತೆ ಅತ್ತೆ. ನನ್ನ ಅವ್ವ ಆಗ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಳು. ಅವತ್ತಿನ ರೊಟ್ಟಿ ಅವಳೇ ಬಡಿದು ಕಳಿಸಿದ್ದು.

“ದಿಮ್ಮಿ ಉಳ್ಳಿ ಬಿತ್ರಿ” ಎಂದು ಕಾಕಾ ಡಾಕ್ಟರಿಗೆ ಹೇಳಿದರು. ಡಾಕ್ಟರು ಗಾಯ ನೋಡಿ, ನನ್ನ ಮುಖ ನೋಡಿ, ಹೊಲಿಗೆ ಹಾಕಿದರು.

ಹತ್ತು ದಿನ ಬಿಟ್ಟು ಕೊಡಲಿ ಹಿಂದಿರುಗಿಸಲು ಹೋದೆ. ಮಲ್ಲಪ್ಪನ ಮನೆಯ ಕಟ್ಟೆಯ ಮೇಲೆ ಅಣ್ಣ ತಮ್ಮ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದರು! ಇದು ಹೇಗಾಯಿತು ಎಂದು ಕೇಳಿದೆ.

“ಮರಾ ಕಡದ ಮೂರನೇ ದಿನ ಮಧ್ಯಾಹ್ನ ಇಂವನ್ನ ಮುಗಸಾಕಂತನ ಕುಡಗೋಲು ತಗೊಂಡು ಬಂದಿದ್ನಿರಿ,” ಎಂದ ಕಲ್ಲಪ್ಪ. “ಬಾಗಲದಾಗ ಬಂದು ನಿಂತ್ನಿ, ಸಿಟ್ಟು ಎಲ್ಲಿ ಹೋತೋ ಏನೋ. ಯಾಕ ಬಂದೇನಿ ಅನ್ನೂದ ಮರ್ತ ಬಿಟ್ನಿ.”

ನಾಲಿಗೆ ತಡೆಯಲಿಲ್ಲ. ನಿಮ್ಮ ಅವ್ವ ಹೇಗೆ ತೀರಿಕೊಂಡರು ಎಂದು ಕೇಳಿದೆ. ಅಣ್ಣ ತಲೆ ತಗ್ಗಿಸಿದ. ಅವ್ವ ಸಾಯುವಾಗ ತಮ್ಮ ನೀರಿನ ಲೋಟ ಹಿಡಿದು ಬಂದಿದ್ದನಂತೆ. ತಾನೇ ಒಳಗಿನಿಂದ ಅಗಳಿ ಹಾಕಿದೆ ಎಂದ. ಇದು ತಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲವೆಂದ. ಕಲ್ಲಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಚಾಚಿದ ಕೊಡಲಿಯನ್ನು ಅವನು ಮುಟ್ಟಲಿಲ್ಲ.

ಬಿಸಿಲು ತಲೆಗೇರಿತ್ತು ಎನ್ನಬಹುದು. ಈ ಮಾತು ಎಲ್ಲೋ ಕಿವಿಗೆ ಬಿದ್ದು ಮರೆತಿದ್ದೆ ಎನ್ನಬಹುದು. ಸಿಟ್ಟು ಕಲ್ಲಪ್ಪನದು ಎಂದರೆ ನಾನು ಪಾರು. ಆದರೆ ಕೈ ನನ್ನದಾಗಿತ್ತಲ್ಲ? ಎಷ್ಟು ಯೋಚಿಸಿದರೂ ಇಲ್ಲಿಗೇ ಬಂದು ನಿಲ್ಲುತ್ತೇನೆ.

ಖಾಜಾ ಕಾಕಾ ಈಗಲೂ ಕೆಲಸಕ್ಕೆ ಬರುತ್ತಾರೆ. ನಾನು ಮಾತು ತೆಗೆದಾಗಲೆಲ್ಲ “ಅದು ನೀವಲ್ಲ ಬಿಡ್ರಿ, ಮಾಲಕ್ರ” ಎನ್ನುತ್ತಾರೆ, ನಗುತ್ತಾರೆ. ಆದರೆ ಗೆರೆ ಹಾಕುವಾಗ ದಿಮ್ಮಿಯನ್ನು ಸುತ್ತಿ ಆಚೆ ಬದಿಗೆ ಹೋಗಿ, ನನ್ನ ಕಡೆ ಮುಖ ಮಾಡಿಯೇ ಬಾಗುತ್ತಾರೆ.