ಹಸಿ ಮೈಗೆ ಎಣ್ಣೆ

ಬಚ್ಚಲಿನಿಂದ ಬಂದ ದೊಡ್ಡವ್ವನ ಮೊಣಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತಿತ್ತು. ಮೈ ಒರೆಸಿಕೊಳ್ಳದೆ, ಸೀರೆಯನ್ನು ಮೊಣಕಾಲ ತನಕ ಎತ್ತಿ, ಹಿತ್ತಲ ಕಟ್ಟೆಯ ಮೇಲೆ ಕೂತು ಆ ಹಸಿ ಚರ್ಮಕ್ಕೇ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಕಣಕಾಲ ಮೇಲೆ ಬೂದಿ ಬಳಿದಂತೆ ಎದ್ದಿರುತ್ತಿದ್ದ ಹೊಟ್ಟು ಎಣ್ಣೆ ತಾಗಿದೊಡನೆ ಮಾಯವಾಗುತ್ತಿತ್ತು.

ಅವಳು ನನ್ನ ತಂದೆಯ ಅಣ್ಣನ ಹೆಂಡತಿ. ಎಂಬತ್ತರ ದಶಕದ ಕೊನೆ. ಬ್ಯಾಡಗಿಯಲ್ಲಿ ನಮ್ಮದು ತುಂಬಿದ ಮನೆ, ನಾನು ಹೈಸ್ಕೂಲಿನ ಹುಡುಗಿ. ಮೆಣಸಿನಕಾಯಿ ವ್ಯಾಪಾರವಾದ್ದರಿಂದ ಸುಗ್ಗಿಯಲ್ಲಿ ಪಡಸಾಲೆ ತುಂಬ ಚೀಲ, ಉಸಿರೆಳೆದರೆ ಘಾಟು. ಮುಟ್ಟು ನಿಂತ ಮೇಲೆ ದೊಡ್ಡವ್ವನ ಮೈ ಒಣಗಿ ಬಿರಿಯತೊಡಗಿತ್ತು. ಬಿರುಕಿಗೆ ಖಾರದ ಧೂಳು ಕೂತರೆ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿದ್ದಳು: ಮೆಣಸಿನಕಾಯಿಯನ್ನು, ಚಳಿಯನ್ನು, ಎದುರಿಗೆ ಸಿಕ್ಕ ದೊಡ್ಡಪ್ಪನನ್ನು.

ಅಜ್ಜಿ ಅದನ್ನು ಗಜಕರ್ಣವೆಂದು ತೀರ್ಮಾನಿಸಿ ಸೊಸೆಯ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿಸಿದಳು. ಮರುದಿನವೇ ದೊಡ್ಡವ್ವ ನನ್ನನ್ನು ಜೊತೆಗೆ ಕರೆದುಕೊಂಡು ಹಾವೇರಿಯ ಬಸ್ಸು ಹತ್ತಿದಳು. ಅಲ್ಲಿನ ಲೇಡಿ ಡಾಕ್ಟರು ಕೈಕಾಲು ನೋಡಿ, "ಇದು ಅಂಟುರೋಗ ಅಲ್ರಿ. ಮುಟ್ಟು ನಿಲ್ಲೋ ವಯಸ್ಸಿನ್ಯಾಗ ಭಾಳ ಮಂದಿಗೆ ಹಿಂಗ ಮೈ ಒಣಗತೈತಿ. ಸುಡು ನೀರು ಬ್ಯಾಡ, ಸಾಬಾಣ ಕಡಿಮಿ ಮಾಡ್ರಿ. ಮೈ ಹಸಿ ಇದ್ದಾಗನ ಎಣ್ಣಿ ಹಚ್ಕೋರಿ" ಎಂದರು.

ಅಂದು ಸಂಜೆ ಅವಳೇ ತನ್ನ ಹಾಸಿಗೆಯನ್ನು ಸುತ್ತಿಕೊಂಡು ಮೊದಲಿನ ಜಾಗಕ್ಕೆ ತಂದು ಹಾಕಿದಳು. ಎಣ್ಣೆಯ ಉಪಚಾರ ಶುರುವಾದಾಗ ಅಜ್ಜಿಗೆ ತಡೆಯಲಾಗಲಿಲ್ಲ.

"ಈ ವಯಸ್ಸಿನ್ಯಾಗ ಇದೆಲ್ಲಾ ಯಾರಿಗೆ ತೋರ್ಸಾಕ?"

"ಯಾರಿಗೂ ಅಲ್ರಿ ಅತ್ತಿ. ತುರಿಸೋ ಮೈ ನಂದು, ಎಣ್ಣಿನೂ ನನಗ."

ಆ ಚಳಿಗಾಲದಲ್ಲೇ ದೊಡ್ಡವ್ವನ ಮಗಳನ್ನು, ಅಂದರೆ ನನ್ನ ಅಕ್ಕನನ್ನು, ನೋಡಲು ರಾಣೆಬೆನ್ನೂರಿನಿಂದ ಗಂಡಿನ ಕಡೆಯವರು ಬಂದರು. "ನೀ ಒಳಗ ಕುಂದರು. ಆ ಕೈ ಕಂಡ್ರ ಹುಡುಗಿಗೂ ಅಂಟೈತಿ ಅಂತಾರ" ಎಂದಳು ಅಜ್ಜಿ. "ಇವತ್ತೊಂದಿನ ಅಷ್ಟ" ಎಂದು ದೊಡ್ಡಪ್ಪನೂ ಗೊಣಗಿದರು.

ದೊಡ್ಡವ್ವ ಅವಲಕ್ಕಿಯ ತಟ್ಟೆಗಳನ್ನು ಹಿಡಿದು ನೇರ ಪಡಸಾಲೆಗೆ ನಡೆದಳು. ಗಂಡಿನ ತಾಯಿ ತಟ್ಟೆ ತೆಗೆದುಕೊಳ್ಳದೆ ಆ ಕೈಯನ್ನೇ ನೋಡಿದರು.

"ಕೈಗೆ ಏನಾಗೈತ್ರಿ?"

"ಮುಟ್ಟು ನಿಂತೈತ್ರಿ. ಅದಕ್ಕ ಮೈ ಒಣಗೈತಿ. ಅಂಟೋ ಜಡ್ಡಲ್ಲ, ತಟ್ಟಿ ಹಿಡೀರಿ."

ಗಂಡಸರಲ್ಲಿ ಒಬ್ಬರು ಕೆಮ್ಮಿದರು. ದೊಡ್ಡಪ್ಪ ಗೋಡೆ ನೋಡಿದರು. ಅಕ್ಕನ ಮುಖ ಬಿಳಿಚಿತು. ಸಂಬಂಧ ಮುರಿದೇಹೋಯಿತೆಂದು ನಾನೂ ಅಂದುಕೊಂಡೆ. ದೊಡ್ಡವ್ವ ಮಾತ್ರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಗಂಡಿನ ತಾಯಿ ತಟ್ಟೆ ತೆಗೆದುಕೊಂಡರು.

ಹೊರಡುವ ಮೊದಲು ಅದೇ ಹೆಂಗಸು ಅಡುಗೆಮನೆಗೆ ಬಂದು, ಬಾಗಿಲನ್ನು ಅರ್ಧ ಮುಚ್ಚಿ ಪಿಸುಗುಟ್ಟಿದರು: "ನನಗೂ ಹಿಂಗ ಆಗೈತ್ರಿ. ತುರಿಕಿಗೆ ನಿದ್ದಿನ ಇಲ್ಲ. ನೀವು ಏನ್ ಹಚ್ಕೋತೀರಿ?"

ದೊಡ್ಡವ್ವ ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. "ಯಾಕ ಕಿವ್ಯಾಗ ಕೇಳ್ತೀರಿ? ಕಳವು ಮಾಡೇವೇನ್ರಿ? ಕುಂದರ್ರಿ, ಹೇಳ್ತೇನಿ." ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

ಮುಂದಿನ ಬೇಸಿಗೆಯಲ್ಲಿ ಅಕ್ಕ ಅದೇ ಮನೆಗೆ ಸೊಸೆಯಾಗಿ ಹೋದಳು. ಅಜ್ಜಿ ಆ ದಿನದ ಮಾತನ್ನು ಕೊನೆಯ ತನಕ ಕ್ಷಮಿಸಲಿಲ್ಲ. ಆದರೆ ತನ್ನ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಲು ದೊಡ್ಡವ್ವನನ್ನೇ ಕರೆಯುತ್ತಿದ್ದಳು.

ದೊಡ್ಡವ್ವ ತೀರಿಕೊಂಡು ಬಹಳ ವರ್ಷಗಳಾದವು. ನನ್ನ ಮುಟ್ಟು ನಿಲ್ಲುವ ಕಾಲಕ್ಕೆ ಅವಳಿರಲಿಲ್ಲ. ಒಂದು ಮಧ್ಯಾಹ್ನ ಗಂಡ, ಮಗ ಊಟಕ್ಕೆ ಕೂತಿದ್ದಾಗ, "ಯಾಕ ಹಿಂಗ ಸಿಡಿಮಿಡಿ ಮಾಡಾಕತ್ತೀ?" ಎಂದು ಗಂಡ ಕೇಳಿದರು. "ಏನಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಅನ್ನ ಬಡಿಸುತ್ತಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಗ ತಟ್ಟೆಯಿಂದ ತಲೆ ಎತ್ತಿ, "ತ್ರಾಸ ಭಾಳ ಆಗತೈತೇನವ್ವಾ?" ಎಂದ.

ದೊಡ್ಡವ್ವನನ್ನು ಬ್ಯಾಡಗಿಯ ಆ ಮನೆಯ ಯಾವ ಗಂಡಸೂ ಹಾಗೆ ಕೇಳಿರಲಿಲ್ಲ.