ಗೋರಿಕಲ್ಲಿನ ಸೂಜಿ ಮತ್ತು ಕಲಿಪಾ

ಆ ವಸಂತದಲ್ಲಿ ಕೊಚ್ಕೋರ್ ಎಂಬ ಊರಿನಲ್ಲಿ ಸಾಯುವವರಿಗೇನೂ ಬರವಿರಲಿಲ್ಲ. ಅವರ ಮುಖವನ್ನು ಕಲ್ಲಿಗಿಳಿಸುವ ಯಂತ್ರವೇ ಮಲಗಿಬಿಟ್ಟಿತ್ತು.

ಯಂತ್ರ ಓಮುರ್ಜಾಕನದು. ಹೆದ್ದಾರಿಯ ಬದಿಯಲ್ಲಿ ಅವನ ಗೋರಿಕಲ್ಲಿನ ಅಂಗಡಿ. ಕಂಪ್ಯೂಟರಿನಲ್ಲಿ ಫೋಟೊ ಹಾಕಿದರೆ ವಜ್ರದ ಮೊನೆಯ ಸೂಜಿ ಕಪ್ಪುಕಲ್ಲಿನ ಮೇಲೆ ಟಕಟಕ ಕುಟ್ಟಿ ಮುಖ ಮೂಡಿಸುತ್ತಿತ್ತು. ಮುಖ ಕೆತ್ತಿಸಬಾರದೆಂದು ಇಮಾಮರು ಪ್ರತಿ ಶುಕ್ರವಾರ ಹೇಳುತ್ತಿದ್ದರು. ಜನ ಭಕ್ತಿಯಿಂದ ತಲೆಯಾಡಿಸಿ ಶನಿವಾರ ಫೋಟೊ ಹಿಡಿದು ಬರುತ್ತಿದ್ದರು. ಈಗ ಕಂಪ್ಯೂಟರಿಗೆ ವೈರಸ್ ಹತ್ತಿ ಅದು ನೆಗೆದುಬಿದ್ದಿತ್ತು. ಯಂತ್ರದ ಜೊತೆ ಬಂದಿದ್ದ ಡಿಸ್ಕಿನ ಮೇಲೆ ಓಮುರ್ಜಾಕ್ ಎರಡು ವರ್ಷ ಬಿಸಿ ಚಹಾದ ಬಟ್ಟಲಿಟ್ಟಿದ್ದ. ಮಾರಿದವನು ಫೋನೆತ್ತುತ್ತಿರಲಿಲ್ಲ.

ಬೇರೆ ದಾರಿಯಿಲ್ಲದೆ ಅವನು ದೊಡ್ಡಪ್ಪನ ಮಗಳು ಕಲಿಪಾಳನ್ನು ಕರೆಸಿದ.

ಕಲಿಪಾಳಿಗೆ ಐವತ್ತೇಳು. ಇಪ್ಪತ್ತೆಂಟು ವರ್ಷ ಅಂಚೆಕಚೇರಿಯ ತಂತಿ ವಿಭಾಗದಲ್ಲಿ ಟೆಲಿಪ್ರಿಂಟರಿನ ಮುಂದೆ ಕುಳಿತವಳು. ಜಿಲ್ಲೆಯ ಹುಟ್ಟು, ಸಾವು, ಓಡಿಹೋದ ಮಗಳು, ಎಲ್ಲವೂ ಅವಳ ಬೆರಳಿನಡಿ ಹಾದುಹೋಗಿದ್ದವು. ಒಂದೂ ಬಾಯಿಂದ ಹೊರಬಿದ್ದಿರಲಿಲ್ಲ. ತಂತಿ ನಿಂತಮೇಲೆ ಗ್ರಂಥಾಲಯ ಸೇರಿದಳು. ಅಲ್ಲಿ ಯಾರೋ ದಾನ ಕೊಟ್ಟ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಇತ್ತು. ಅದನ್ನು ಮುಟ್ಟುವವರಿರಲಿಲ್ಲ, ಪುಸ್ತಕ ಓದಲು ಬರುವವರೂ ಇರಲಿಲ್ಲ. ಎರಡು ಚಳಿಗಾಲ ಒಲೆಯ ಪಕ್ಕ ಕುಳಿತು ಅದರ ಹೊಟ್ಟೆಯೊಳಗಿನದನ್ನೆಲ್ಲ ಕಲಿತಳು. ಈಗ ಓಮುರ್ಜಾಕನ ಕಂಪ್ಯೂಟರಿಗೂ ಅದನ್ನೇ ಹಾಕಲು ಹೊರಟಳು.

"ಎಜೆ, ಇದು ಪುಕ್ಕಟೆ ಅಂತೀರ. ಪುಕ್ಕಟೆ ಸಿಕ್ಕಿದ್ದು ಯಾವತ್ತಾದ್ರೂ ನೆಟ್ಟಗೆ ಕೆಲ್ಸ ಮಾಡಿದ್ದುಂಟಾ?" ಎಂದ ಓಮುರ್ಜಾಕ್. ತಮಗಿಂತ ಹಿರಿಯ ಹೆಂಗಸನ್ನು ಅಲ್ಲಿನವರು ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು.

"ನೀನೂ ಪುಕ್ಕಟೆ ಸಿಕ್ಕಿದೋನೇ. ನಾವು ಇಟ್ಕೊಂಡಿಲ್ವಾ? ಆ ಸ್ಕ್ರೂಡ್ರೈವರ್ ಕೊಡು."

ಮೊದಲ ದಿನ ಹೊಸ ವ್ಯವಸ್ಥೆ ಹಾಕಿ ಯಂತ್ರದ ತಂತಿ ಸಿಕ್ಕಿಸಿದ್ದೇ ತಡ, ಸೂಜಿ ಯಾರ ಅಪ್ಪಣೆಯೂ ಇಲ್ಲದೆ ಒಂದೇ ಜಾಗದಲ್ಲಿ ರಪರಪ ಕುಟ್ಟತೊಡಗಿತು. ಓಮುರ್ಜಾಕ್ ದೇವರ ಹೆಸರು ಹೇಳಿ ಹಿಂದೆ ಸರಿದ.

"ಹೆದರ್ಬೇಡ್ವೋ. ನಿನ್ನ ಯಂತ್ರ ಪ್ರಿಂಟರ್ ಅಂದ್ಕೊಂಡು ಇದು ಮಾತಾಡಿಸ್ತಾ ಇದೆ. ಹಾಳೆ ಇದ್ಯಾ ಅಂತ ಕೇಳ್ತಿದೆ."

"ಗೋರಿಕಲ್ಲಿಗೆ ಹಾಳೆ ಎಲ್ಲಿಂದ ತರ್ಲಿ?"

"ನೀನು ತರ್ಬೇಡ. ನಾನು ಅದರ ಬಾಯಿ ಮುಚ್ಚಿಸ್ತೀನಿ."

ಪ್ರಿಂಟರನ್ನು ಮಾತಾಡಿಸುವ ತುಣುಕು ಇನ್ನು ಮುಂದೆ ಏಳಕೂಡದೆಂದು ಅವಳು ಒಂದು ಕಡತದಲ್ಲಿ ಬರೆದಳು. ಸೂಜಿ ತಣ್ಣಗಾಯಿತು. ಇಂಥ ಯಂತ್ರ ಓಡಿಸಲು ಯಾರೋ ಬರೆದು ಎಲ್ಲರಿಗೂ ಬಿಟ್ಟಿದ್ದ ಪ್ರೋಗ್ರಾಮ್ ಅಂತರ್ಜಾಲದಲ್ಲಿ ಸಿಕ್ಕಿತು. ಆದರೆ ಯಾವ ತಂತಿ ಸೂಜಿಯನ್ನು ಯಾವ ಕಡೆಗೆ ನಡೆಸುತ್ತದೆಂದು ಅದಕ್ಕೆ ತಿಳಿಸಬೇಕಿತ್ತು. ಕಲಿಪಾ ಕೇಬಲ್ಲಿನ ತಲೆ ಬಿಚ್ಚಿ, ಬ್ಯಾಟರಿಗೆ ಪುಟ್ಟ ಬಲ್ಬು ಕಟ್ಟಿಕೊಂಡು, ಒಂದೊಂದೇ ಎಳೆ ಹಿಡಿದು ಸಿಗರೇಟು ಪೆಟ್ಟಿಗೆಯ ರಟ್ಟಿನ ಮೇಲೆ ಗುರುತು ಹಾಕಿಕೊಂಡಳು. ಎರಡನೆಯ ದಿನವೆಲ್ಲ ಅದರಲ್ಲೇ ಹೋಯಿತು.

ಮೂರನೆಯ ದಿನ ಸೂಜಿ ನಡೆಯಿತು. ಪರೀಕ್ಷೆಗೆ ಸಿಕ್ಕಿದವನು ಕುದುರೆ ವ್ಯಾಪಾರಿ ಶರ್ಶೆನ್‌ಬೆಕ್. ಅವನು ಸತ್ತು ವರ್ಷವಾಗುತ್ತ ಬಂದಿತ್ತು, ಕಲ್ಲು ನಿಲ್ಲಿಸಬೇಕಾದ ವರ್ಷದೂಟಕ್ಕೆ ಹತ್ತೇ ದಿನ ಉಳಿದಿತ್ತು. ಒಡೆದ ಕಲ್ಲೊಂದರ ಮೇಲೆ ಅವನ ಹಣೆ, ಕಣ್ಣು ಚೆನ್ನಾಗಿಯೇ ಬಂದವು. ಮೂಗಿನಿಂದ ಕೆಳಗೆ ಮುಖ ಪಕ್ಕಕ್ಕೆ ಜಾರಿತು, ಕುಡಿದು ಕುದುರೆಯಿಂದ ಬಿದ್ದವನ ಹಾಗೆ.

ಕಲಿಪಾ ಕಣ್ಣುಮುಚ್ಚಿ ಕೇಳಿದಳು. ಅಕ್ಷರ ತಪ್ಪಿದರೆ ಟೆಲಿಪ್ರಿಂಟರಿನ ಸದ್ದಿನಲ್ಲೇ ಹಿಡಿಯುತ್ತಿದ್ದ ಕಿವಿ ಅದು. "ಸೂಜಿ ನಡುನಡುವೆ ಹೆಜ್ಜೆ ನುಂಗ್ತಾ ಇದೆ. ಅವಸರ ಜಾಸ್ತಿ ಆಯ್ತು ಇದಕ್ಕೆ," ಎಂದು ವೇಗ ಇಳಿಸಿದಳು. ಎರಡನೆಯ ಸಲ ಮುಖ ಸ್ವಚ್ಛವಾಗಿ ಬಂತು, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ. ಎಡಗೆನ್ನೆಯ ಮಚ್ಚೆ ಬಲಗೆನ್ನೆಯಲ್ಲಿತ್ತು. ಸೂಜಿಗೆ ದಿಕ್ಕು ಹೇಳುವ ಒಂದು ಅಂಕಿಯ ಹಿಂದಿನ ಋಣಚಿಹ್ನೆ ಅಳಿಸಿದಳು. ಮೂರನೆಯ ತುಂಡಿನ ಮೇಲೆ ಶರ್ಶೆನ್‌ಬೆಕ್ ಫೋಟೊದಲ್ಲಿದ್ದಂತೆಯೇ ಬಂದ. ಕಲಿಪಾಳಿಗೆ ಕುಣಿಯುವಷ್ಟು ಖುಷಿಯಾಯಿತು, ಮಂಡಿನೋವಿನಿಂದಾಗಿ ಕುಣಿಯಲಿಲ್ಲ.

ಮರುದಿನ ವಿಧವೆ ಬಾತ್ಮಾಕಾನ್ ನೋಡಲು ಬಂದಳು. ಓಮುರ್ಜಾಕ್, ಎಲ್ಲ ತಾನೇ ಮಾಡಿದಂತೆ, ಮೂರನೆಯ ತುಂಡನ್ನು ತೋಳಿನಿಂದ ಒರೆಸಿ ಮುಂದಿಟ್ಟ. ಅವಳ ಹುಬ್ಬು ಗಂಟಾಯಿತು.

"ಇವ್ನು ಯಾಕೆ ಬಲಕ್ಕೆ ನೋಡ್ತಿದಾನೆ?"

"ನೀವು ಕೊಟ್ಟ ಫೋಟೊದಲ್ಲೇ ಹಾಗಿದೆ, ಎಜೆ."

"ಬಲಗಡೆ ಮಲಗಿರೋದು ಸಾಯಿರಾ!" ಸಾಯಿರಾ ಅವನ ಮೊದಲ ಹೆಂಡತಿ, ಸತ್ತು ಇಪ್ಪತ್ತೆರಡು ವರ್ಷ. "ಸಾಯಿರಾ ಹಿಟ್ಟು ಹೀಗೆ ನಾದ್ತಿದ್ಲು, ಸಾಯಿರಾ ಸಾರು ಹಾಗೆ ಕುದಿಸ್ತಿದ್ಲು ಅಂತ ಬದುಕಿರೋ ತನಕ ಕೇಳಿದ್ದು ಸಾಲ್ದಾ? ಇನ್ನು ಪ್ರಳಯದವರೆಗೂ ಅವಳನ್ನೇ ನೋಡ್ಕೊಂಡಿರ್ತಾನಾ?"

ಆಗ ಅವಳ ಕಣ್ಣು ಮೂಲೆಗೆ ಎಸೆದಿದ್ದ ಎರಡನೆಯ ತುಂಡಿನ ಮೇಲೆ ಬಿತ್ತು.

"ಇದು! ಇದು ಸರಿಯಾಗಿದೆ. ಎಡಗಡೆ ಖಾಲಿ ಜಾಗ ನಂದು."

"ಅದು ಕೆಟ್ಟಿದ್ದು, ಎಜೆ. ಮಚ್ಚೆ ಬೇರೆ ಕೆನ್ನೆಗೆ ಹೋಗಿದೆ ನೋಡಿ."

"ಗೋರಿಯೊಳಗೆ ಪ್ರಶ್ನೆ ಕೇಳೋಕೆ ಬರೋ ದೇವದೂತರು ಮಚ್ಚೆ ನೋಡಿ ಗುರುತು ಹಿಡೀತಾರೇನೋ?"

ಕಲಿಪಾ ಕುರ್ಚಿಯ ಬೆನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಕುಳಿತು, ಅಳಿಸಿದ್ದ ಚಿಹ್ನೆಯನ್ನು ವಾಪಸ್ ಹಾಕಿದಳು. ಮುಖವಷ್ಟೇ ತಿರುವಿ ಕೆತ್ತಿಸಿ, ಹೆಸರು ಕೆತ್ತುವಾಗ ಮತ್ತೆ ಅಳಿಸಿದಳು; ಇಲ್ಲದಿದ್ದರೆ ಪಾಪ, ಅವನ ಹೆಸರು ಓದಲು ಜನ ಕನ್ನಡಿ ಹೊತ್ತು ಬರಬೇಕಿತ್ತು.

ವರ್ಷದೂಟದ ದಿನ ಸತ್ತವನ ತಮ್ಮ ಕಲ್ಲಿನ ಮುಂದೆ ಬಹಳ ಹೊತ್ತು ನಿಂತ.

"ಅತ್ತಿಗೆ, ಅಣ್ಣ ಏನೋ ಬದಲಾದ ಹಾಗಿದಾನೆ," ಎಂದ.

"ಸತ್ತಿದಾನೆ," ಎಂದಳು ಬಾತ್ಮಾಕಾನ್.

ಆಮೇಲೆ ಕಲಿಪಾಳಿಗೆ ಬಿಡುವಿಲ್ಲವಾಯಿತು. ಪಶುವೈದ್ಯರ ತೂಕದ ಯಂತ್ರ, ಶಿಶುವಿಹಾರದ ಪ್ರಿಂಟರ್, ಕೊನೆಗೆ ಇಮಾಮರ ಸ್ಕ್ಯಾನರ್ ಕೂಡ ಗ್ರಂಥಾಲಯದ ಮೇಜಿಗೆ ಬಂದವು. ಇಮಾಮರು ಗೋರಿಕಲ್ಲಿನ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎಲ್ಲಕ್ಕಿಂತ ಕಷ್ಟಕೊಟ್ಟ ಕೇಬಲ್ಲಿನ ಎಳೆಗಳ ಪಟ್ಟಿಯನ್ನು ಅವಳು ಅಂತರ್ಜಾಲದ ಚರ್ಚಾಕಟ್ಟೆಯಲ್ಲಿ ಬರೆದು ಹಾಕಿದಳು, ಮುಂದಿನವರು ಬಲ್ಬು ಹಿಡಿದು ಕೂರದಿರಲಿ ಎಂದು. ಹನ್ನೊಂದು ತಿಂಗಳು ಯಾರೂ ಕೆಮ್ಮಲಿಲ್ಲ. ಒಂದು ದಿನ ಚಿಲಿ ದೇಶದಿಂದ ಒಬ್ಬ, ಆ ಪಟ್ಟಿಯಿಂದಲೇ ತನ್ನ ಯಂತ್ರ ನಡೆಯಿತೆಂದು ಧನ್ಯವಾದ ಹೇಳಿ ಫೋಟೊ ಕಳಿಸಿದ: ಕಪ್ಪುಕಲ್ಲಿನ ಮೇಲೆ ಒಂದು ನಾಯಿ, ಕಿವಿ ನಿಮಿರಿಸಿಕೊಂಡು.

ಓಮುರ್ಜಾಕ್ ಕನ್ನಡಕ ಏರಿಸಿ ನೋಡಿದ. "ನಾಯಿಗೂ ಗೋರಿಕಲ್ಲಾ? ಅವ್ರಿಗೆ ತಲೆ ನೆಟ್ಟಗಿಲ್ಲ ಬಿಡಿ."

"ಮೂತಿ ನೋಡೋ," ಎಂದಳು ಕಲಿಪಾ, ತೆರೆಗೆ ಬೆರಳೊತ್ತಿ. "ಒಂದು ಹೆಜ್ಜೆನೂ ನುಂಗಿಲ್ಲ."