ಬಿಸಿಲಿಗೆ ಬಣ್ಣ ತಿರುಗುವ ಗಾಜು

ಮುಲುಂಡ್ ಸ್ಟೇಶನ್ನಿನಿಂದ ಪಶ್ಚಿಮಕ್ಕೆ ಏಳೆಂಟು ನಿಮಿಷ ನಡೆದರೆ ಸಿಗುವ ಒಂದು ಮ್ಯಾಚಿಂಗ್ ಸೆಂಟರ್‌ನಲ್ಲಿ ನಾನು ಹದಿನೆಂಟು ವರ್ಷಗಳಿಂದ ನಿಂತಿದ್ದೇನೆ. ನಿಂತಿದ್ದೇನೆ ಎಂದೇ ಹೇಳಬೇಕು, ಅದು ಕೂರುವ ಕೆಲಸವಲ್ಲ. ಹೆಂಗಸರು ಸೀರೆ ತರುತ್ತಾರೆ. ಅದಕ್ಕೆ ಸರಿಹೊಂದುವ ಬ್ಲೌಸಿನ ಬಟ್ಟೆ, ಫಾಲ್, ಒಳಗೆ ಉಡುವ ಪರಕರ ತೆಗೆದು ಕೊಡುವುದು ನನ್ನ ಪಾಲಿನದು. ಗೋಡೆಯುದ್ದಕ್ಕೂ ಬಟ್ಟೆ ಸುತ್ತಿಟ್ಟ ಥಾನುಗಳು. ಗುಲಾಬಿಯೊಂದರಲ್ಲೇ ಮೂವತ್ತಕ್ಕೂ ಹೆಚ್ಚು ಬಗೆ. ರಾಣಿ, ಗಾಜರಿ, ಉಳ್ಳಾಗಡ್ಡಿ ಸಿಪ್ಪೆ. ಹೆಸರಿಲ್ಲದವು ಇನ್ನೂ ಎಷ್ಟೋ.

ಈ ಕೆಲಸಕ್ಕೆ ಒಂದೇ ನಿಯಮ: ಟ್ಯೂಬ್‌ಲೈಟನ್ನು ನಂಬಬಾರದು. ಥಾನನ್ನು ಹೆಗಲ ಮೇಲೆ ಹಾಕಿಕೊಂಡು, ಸೀರೆಯ ಸೆರಗು ಹಿಡಿದು, ಗಿರಾಕಿಯನ್ನು ಜೊತೆಗೆ ಕರೆದುಕೊಂಡು ಹೊರಗೆ ಹೋಗಬೇಕು. ಅಂಗಡಿಯ ಮುಂದೆ ತರಕಾರಿಯವರು ಕಟ್ಟಿದ ನೀಲಿ ತಾಡಪತ್ರಿ ಇದೆ; ಅದರ ಕೆಳಗೆ ಹಾಲು ಕೂಡ ನೀಲಿಯಾಗಿ ಕಾಣುತ್ತದೆ. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಮುಂದೆ ಹೋಗಿ ಬಯಲು ಬಿಸಿಲಿನಲ್ಲಿ ನಿಂತು, ಬಟ್ಟೆಯ ಮೇಲೆ ಬಟ್ಟೆ ಇಟ್ಟು ನೋಡಿ, ಹೌದು ಅಥವಾ ಅಲ್ಲ ಎನ್ನಬೇಕು. ದಿನಕ್ಕೆ ಮೂವತ್ತು ಸಲ, ಮದುವೆಯ ಹಂಗಾಮಿನಲ್ಲಿ ಐವತ್ತು ಸಲ ಹೀಗೆ ಬಿಸಿಲಿಗೆ ಹೋಗಿ ಬರುವುದು. ನಮ್ಮ ಶೇಠ್ ಹೊಸ ಗಿರಾಕಿಗಳಿಗೆ ನನ್ನನ್ನು ತೋರಿಸಿ, “ಇನ್ ಕೀ ಆಂಖ್ ಮಶೀನ್ ಹೈ” ಎನ್ನುತ್ತಿದ್ದರು, ಇವರ ಕಣ್ಣು ಯಂತ್ರವಿದ್ದಂತೆ ಎಂದು. ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕಳೆದ ವರ್ಷ ಬಲಗಣ್ಣು ಕೆಂಪಾಯಿತು. ಹೋಯಿತು, ಮತ್ತೆ ಬಂತು. ಮೂರನೆಯ ಸಲ ಬೆಳಕು ಕಂಡರೆ ಸೂಜಿ ಚುಚ್ಚಿದಂತಾಗತೊಡಗಿದಾಗ ಪರೇಲಿನ ಆಸ್ಪತ್ರೆಗೆ ಹೋದೆ. ಕಣ್ಣಿನ ಒಳಗೇ ಊತ ಬರುತ್ತಿದೆ, ಪ್ರತಿ ಸಲ ಬಂದು ಹೋಗುವಾಗ ದೃಷ್ಟಿಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ ಎಂದರು ಡಾಕ್ಟರಮ್ಮ. ಡ್ರಾಪ್ಸ್ ಬರೆದುಕೊಟ್ಟು, “ಬರೀ ಕಣ್ಣಿನಲ್ಲಿ ಬಿಸಿಲಿಗೆ ಹೋಗಲೇಬೇಡಿ” ಎಂದು ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ಏನು ಕೆಲಸ ಮಾಡುತ್ತೀರಿ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಯಜಮಾನರು ಬೆನ್ನುಮೂಳೆಯ ತೊಂದರೆಯಿಂದ ಮನೆಯಲ್ಲಿದ್ದು ಮೂರು ವರ್ಷವಾಯಿತು. ಮಗಳ ಕಾಲೇಜು ಇನ್ನೂ ಒಂದು ವರ್ಷವಿದೆ. ನಮ್ಮ ಮನೆಯ ಒಲೆ ಉರಿಯುವುದು ನನ್ನ ಈ ಹೋಗಿಬರುವಿಕೆಯಿಂದ. ಬಿಸಿಲಿಗೆ ಹೋಗದೆ ಮ್ಯಾಚಿಂಗ್ ಮಾಡುವುದು ಹೇಗೆ ಎಂದು ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ವಾಪಸು ಬರುವಾಗ ಪೂರ್ತಿ ದಾರಿ ಯೋಚಿಸಿದೆ. ಉತ್ತರ ಸಿಗಲಿಲ್ಲ.

ಉತ್ತರ ಸಿಕ್ಕಿತು ಎಂದುಕೊಂಡದ್ದು ಸ್ಟೇಶನ್ ರಸ್ತೆಯ ಚಷ್ಮಾ ಅಂಗಡಿಯಲ್ಲಿ. ಅಂಗಡಿಯವನು ಮಂಗಳೂರು ಕಡೆಯವನು. ನಾನು ಮಗಳ ಜೊತೆ ಮಾತಾಡಿದ್ದು ಕೇಳಿ ಅವನೂ ಕನ್ನಡಕ್ಕೆ ಇಳಿದ.

“ನಿಮ್ಮದು ನಂಬರಿನ ಕನ್ನಡಕ ಅಲ್ವಾ ಅಕ್ಕ, ಮೇಲೆ ಗಾಗಲ್ ಹಾಕ್ಲಿಕ್ಕೆ ಆಗುದಿಲ್ಲ. ಇದು ತಗೊಳ್ಳಿ. ಹೊರಗೆ ಹೋದ್ರೆ ತನ್ನಷ್ಟಕ್ಕೆ ಕಪ್ಪಾಗ್ತದೆ, ಒಳಗೆ ಬಂದ್ರೆ ಪುನಃ ಬಿಳಿ.”

“ಎಷ್ಟ್ ಹೊತ್ತಿಗ್ರೀ?”

“ಕಪ್ಪಾಗ್ಲಿಕ್ಕೆ ಅರ್ಧ ನಿಮಿಷ. ಬಿಳಿ ಆಗ್ಲಿಕ್ಕೆ ಸ್ವಲ್ಪ ಲೇಟು, ನಾಕೈದು ನಿಮಿಷ. ಕಾರಿನ ಗ್ಲಾಸಿನ ಹಿಂದೆ ಕೂತ್ರೆ ಅಷ್ಟು ಕಪ್ಪಾಗುದಿಲ್ಲ, ಮೊದ್ಲೇ ಹೇಳ್ತೇನೆ.”

“ನಂದೆಲ್ಲಿ ಕಾರ್ ಐತಿ ತಮ್ಮಾ” ಎಂದೆ. ಮಗಳು ನಕ್ಕಳು.

“ಇನ್ನೊಂದು. ಸೆಕೆ ಜಾಸ್ತಿ ಇದ್ರೆ ಈ ಗಾಜು ಪೂರ್ತಿ ಕಪ್ಪಾಗುದಿಲ್ಲ. ಚಳಿ ಊರಿನಲ್ಲಿ ಆದಷ್ಟು ಇಲ್ಲಿ ಆಗುದಿಲ್ಲ.”

ಬಿಸಿಲಿಗೆಂದೇ ಮಾಡಿದ ಗಾಜು ಸೆಕೆಗೆ ಸೋಲುತ್ತದೆ ಎಂಬುದು ವಿಚಿತ್ರವಾಗಿ ಕಂಡಿತು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಅವನು ಎರಡು ಸ್ಯಾಂಪಲ್ ಗಾಜು ಮುಂದಿಟ್ಟ. “ಗ್ರೇ ಉಂಟು, ಬ್ರೌನ್ ಉಂಟು. ಯಾವುದು ಬೇಕು ನೋಡಿ.”

ಇಲ್ಲಿ ನಾನು ಮಾಡಿದ್ದನ್ನು ಇವತ್ತಿಗೂ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಎರಡೂ ಗಾಜುಗಳನ್ನು, ನಾನು ಆರಿಸಿದ್ದ ಬೆಲ್ಲದ ಬಣ್ಣದ ಫ್ರೇಮನ್ನು ಹಿಡಿದು ನೇರ ಅಂಗಡಿಯ ಹೊರಗೆ ಬಿಸಿಲಿಗೆ ಹೋದೆ. ಅಭ್ಯಾಸ. ಅಂಗೈಯ ಮೇಲೆ ಗಾಜುಗಳನ್ನಿಟ್ಟುಕೊಂಡು ಅವು ಬಣ್ಣ ತಿರುಗುವವರೆಗೆ ಕಣ್ಣು ಕಿರಿದು ಮಾಡಿ ಕಾದೆ. ಒಂದು ಮೋಡದ ಬೂದು, ಇನ್ನೊಂದು ಹುರಿದ ಶೇಂಗಾದ ಕಂದು. ಫ್ರೇಮಿನ ಪಕ್ಕದಲ್ಲಿಟ್ಟು ನೋಡಿದೆ. ಕಂದು ಹೇಳಿ ಮಾಡಿಸಿದಂತೆ ಹೊಂದಿತು. ಬೂದು ಸ್ವಲ್ಪವೂ ಸೇರಲಿಲ್ಲ.

“ಬ್ರೌನ್ ಕೊಡ್ರಿ. ಫ್ರೇಮಿಗೆ ಬರೊಬ್ಬರಿ ಮ್ಯಾಚ್ ಆಗ್ತದ.”

ಗಾಜನ್ನು ನೋಡಿದೆನೇ ಹೊರತು ಗಾಜಿನೊಳಗಿಂದ ನೋಡಲಿಲ್ಲ. ಹದಿನೆಂಟು ವರ್ಷ ಬಟ್ಟೆ ನೋಡಿದ ಕಣ್ಣು ಕನ್ನಡಕವನ್ನೂ ಬಟ್ಟೆಯಂತೆಯೇ ನೋಡಿತು.

ಕನ್ನಡಕ ಬಂದ ದಿನ ಬೀದಿಗೆ ಕಾಲಿಟ್ಟಾಗ ಕಣ್ಣಿನ ಮೇಲೆ ಯಾರೋ ಒದ್ದೆ ಬಟ್ಟೆ ಹಾಕಿದಂತೆ ತಂಪಾಯಿತು. ನೀರು ಸುರಿಯಲಿಲ್ಲ, ಸೂಜಿ ಚುಚ್ಚಲಿಲ್ಲ. ಮನೆ ಹೊಕ್ಕಾಗ ಇನ್ನೂ ಕಪ್ಪಗಿದ್ದ ಗಾಜು ನೋಡಿ ಯಜಮಾನರು ಮಂಚದಿಂದಲೇ, “ಏನವಾ, ಶೂಟಿಂಗಿಗೆ ಹೊಂಟೀ ಏನು?” ಎಂದು ಚುಡಾಯಿಸಿದರು. ಎಷ್ಟೋ ತಿಂಗಳ ಮೇಲೆ ಅವತ್ತು ಮನೆಯಲ್ಲಿ ನಗು ಕೇಳಿಸಿತು.

ಮರುದಿನವೇ ಬೆಳಗಾವಿ ಕಡೆಯ ಹೆಂಗಸೊಬ್ಬರು ಬಂದರು, ನಮ್ಮ ಹಳೆಯ ಗಿರಾಕಿ. ಮಗಳ ಮದುವೆಗೆಂದು ಏಳು ಸೀರೆ ತಂದಿದ್ದರು. ಒಂದೊಂದಕ್ಕೂ ಥಾನು ತೆಗೆದು ಬಿಸಿಲಿಗೆ ಹೋದೆ. ಎಲ್ಲವೂ ಸರಿ ಕಂಡವು. ನಿಜ ಹೇಳಬೇಕೆಂದರೆ ಎಂದಿಗಿಂತ ಬೇಗ ಸರಿ ಕಂಡವು. ಮೊದಲನೆಯ ಥಾನೇ ಹೊಂದಿಬಿಡುತ್ತಿತ್ತು. “ಇವತ್ತ ಭಾಳ ಲಗೂ ಮುಗಿಸಿದ್ರಿ ಅಕ್ಕಾರ” ಎಂದು ಅವರೂ ಖುಷಿಪಟ್ಟರು. ನಾನು ತೋರಿಸಿದ ಮೇಲೆ ಅವರು ನೋಡಲೂ ಹೋಗುವುದಿಲ್ಲ, ಅಷ್ಟು ನಂಬಿಕೆ.

ಮೂರನೆಯ ದಿನ ಅದೇ ಚೀಲ ತಂದು ಕೌಂಟರಿನ ಮೇಲೆ ಸುರಿದರು.

“ಕಣ್ಣ ಮುಚ್ಚಿ ಕೊಟ್ಟೀರೇನ್ರಿ ಅಕ್ಕಾರ? ಟೇಲರ್ ನಗಾಕತ್ತಾನ ನನ್ನ ನೋಡಿ. ಬದನಿಕಾಯಿ ಬಣ್ಣದ ಸೀರಿಗಿ ಮೆರೂನ್ ಕೊಟ್ಟೀರಿ. ಗಿಣಿ ಹಸರಿಗಿ ಮೆಹಂದಿ!”

ಟ್ಯೂಬ್‌ಲೈಟಿನಲ್ಲೇ ಕಾಣುತ್ತಿತ್ತು. ಏಳರಲ್ಲಿ ಐದು ತಪ್ಪು. ಎರಡನ್ನು ಟೇಲರ್ ಆಗಲೇ ಕತ್ತರಿಸಿಬಿಟ್ಟಿದ್ದ. ಬಿಸಿಲಿನಲ್ಲಿ ಕಂದು ಗಾಜಿನ ಹಿಂದೆ ಬೇರೆ ಬೇರೆ ಬಣ್ಣಗಳು ಅಕ್ಕತಂಗಿಯರಂತೆ ಕಂಡಿದ್ದವು; ಒಳಗೆ ಬಂದ ಮೇಲೆ ಗಾಜು ಬಿಳಿಯಾಗುವ ಮೊದಲೇ ಕಟ್ಟಿ ಕೊಟ್ಟಿದ್ದೆ. “ತಪ್ಪಾತ್ರೀ” ಎಂದೆ, ಬೇರೆ ಏನು ಹೇಳಲಿ. ಶೇಠ್ ಎಲ್ಲರೆದುರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅಂಗಡಿ ಖಾಲಿಯಾದ ಮೇಲೆ ಮೆತ್ತಗೆ, “ಬೆನ್, ಕುಛ್ ದಿನ್ ಆಪ್ ಅಸ್ತರ್ ಕೇ ಕೌಂಟರ್ ಪೇ ಬೈಠಿಯೇ” ಎಂದರು, ಕೆಲವು ದಿನ ಅಲ್ಲಿ ಕೂರಿ ಎಂದು.

ಬ್ಲೌಸಿನ ಒಳಪದರಕ್ಕೆ ಹಾಕುವ ಅಸ್ತರಿನ ಕೌಂಟರು ಅಂಗಡಿಯ ಹಿಂದಿನ ಮೂಲೆ. ಬಿಳಿ, ಕಪ್ಪು, ಕ್ರೀಮ್, ಅಷ್ಟೇ. ಅಲ್ಲಿ ಒಂದು ಸ್ಟೂಲಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯಲ್ಲಿ ಕೂತೆ. ಆ ಕೌಂಟರಿಗೆ ಒಬ್ಬರು ಖಾಯಂ ಬೇಕಾಗಿಲ್ಲ ಎಂಬುದು ಶೇಠ್‌ಗೂ ಗೊತ್ತು, ನನಗೂ ಗೊತ್ತು. ಹಂಗಾಮು ಮುಗಿದರೆ ನನ್ನ ಕಥೆಯೂ ಮುಗಿಯಿತು.

ಸಂಜೆ ಚಷ್ಮಾ ಅಂಗಡಿಗೆ ಓಡಿದೆ. ಅವನು ಪೂರ್ತಿ ಕೇಳಿ ಹಣೆ ಉಜ್ಜಿಕೊಂಡ.

“ಬಣ್ಣ ನೋಡುವ ಕೆಲಸ ಅಂತ ಮೊದಲೇ ಹೇಳ್ಬೇಕಲ್ಲ ಅಕ್ಕ! ನಾನು ಗ್ರೇಯೇ ಕೊಡ್ತಿದ್ದೆ. ಗ್ರೇಯಲ್ಲಿ ಬಣ್ಣ ಹೆಚ್ಚುಕಮ್ಮಿ ಇದ್ದ ಹಾಗೇ ಕಾಣ್ತದೆ.”

“ಹೆಚ್ಚುಕಮ್ಮಿ ಅಂದ್ರ?”

ಅವನು ಬೂದು ಸ್ಯಾಂಪಲ್ ತೆಗೆದು ನನ್ನ ಮುಂದಿಟ್ಟ. ಆಮೇಲೆ, “ಯಾವ ಗಾಜಾದ್ರೂ ಕಪ್ಪಾದ ಮೇಲೆ ಕಪ್ಪೇ ಅಲ್ವಾ. ನಿಮ್ಮ ಕೆಲಸಕ್ಕೆ ಸಾಕಾ ಇಲ್ವಾ ನಾನು ಹೇಳ್ಲಿಕ್ಕೆ ಆಗುದಿಲ್ಲ” ಎಂದ. ಬೂದು ಸ್ಯಾಂಪಲ್ ಹಿಡಿದು ರಸ್ತೆಗೆ ಹೋದೆನಾದರೂ ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಗಾಜು ಬಿಳಿಯಾಗಿಯೇ ಉಳಿಯಿತು. ಪರೀಕ್ಷೆ ಮಾಡದೆಯೇ ಬೂದು ಗಾಜಿಗೆ ಹೇಳಿ ಬಂದೆ. ನನ್ನ ನಂಬರಿನದು ಬರಲು ಹತ್ತು ದಿನ.

ಆ ಶನಿವಾರ ಬೆಳಗಾವಿಯ ಹೆಂಗಸು ಮತ್ತೆ ಬಂದರು. ಉಳಿದದ್ದನ್ನೆಲ್ಲ ಬೇರೆ ಅಂಗಡಿಯಲ್ಲಿ ಹೊಂದಿಸಿಕೊಂಡಿದ್ದರು, ಧಾರೆ ಸೀರೆಯೊಂದು ಉಳಿದಿತ್ತು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಬಿಸಿಲಿಗೆ ಒಂದು ಎಳೆ ನೇರಳೆ ಹೊಳೆಯುತ್ತದೆ. ಇಡೀ ಮಾರ್ಕೆಟ್ ಸುತ್ತಿದರೂ ಸಿಕ್ಕಿರಲಿಲ್ಲವಂತೆ. ನಮ್ಮಲ್ಲಿ ಈಗ ಮ್ಯಾಚಿಂಗ್ ನೋಡುವ ಸೇಲ್ಸ್‌ಮನ್ ಆರು ಥಾನು ತೋರಿಸಿದ, ಅವರು ಆರಕ್ಕೂ ತಲೆ ಅಲ್ಲಾಡಿಸಿದರು. ನಾನು ಮೂಲೆಯಿಂದ ನೋಡುತ್ತಿದ್ದೆ. ತಡೆಯಲಾರದೆ ಎದ್ದು ಬಂದು ಮೇಲಿನ ಸಾಲಿನಿಂದ ಎರಡು ಥಾನು ಇಳಿಸಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವ ನೋಡ್ತೀರಿ? ಹಂಗಾರ ಆ ಹೊಸಾ ಚಷ್ಮಾ ತಗದ ನೋಡ್ರಿ ಈ ಸಲ.”

ಅಕ್ಷರ ಓದಲು ನನಗೆ ಕನ್ನಡಕ ಬೇಕು, ಬಣ್ಣಕ್ಕೆ ಬೇಡ. ತೆಗೆದು ಕೌಂಟರಿನ ಮೇಲಿಟ್ಟು ಮೆಟ್ಟಿಲಿಳಿದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಬಲಗಣ್ಣು ಒಮ್ಮೆಲೇ ಮುಚ್ಚಿಕೊಂಡಿತು. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ನೋಡಿದೆ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಆದರೆ ಬಣ್ಣ ಕಂಡಿತು. ಎಷ್ಟು ದಿನದ ಮೇಲೆ, ಎಷ್ಟು ಸ್ಪಷ್ಟವಾಗಿ! ಮೊದಲನೆಯ ಥಾನು ಅಲ್ಲ. ಎರಡನೆಯದು ಸೀರೆಯ ಮೇಲೆ ಇಟ್ಟ ಕೂಡಲೇ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯದಂತೆ ಕೂಡಿಕೊಂಡಿತು.

“ಅಯ್ಯ, ಅಳಾಕತ್ತೀರಲ್ರಿ! ನಾ ಏನೋ ಸಿಟ್ಟಿನಾಗ ಅಂದೆ, ಮನಸಿಗಿ ಹಚಿಗೋಬ್ಯಾಡ್ರಿ ಅಕ್ಕಾರ.”

“ಇಲ್ರೀ” ಎಂದೆ, “ಬಿಸಿಲು.”

ಶೇಠ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಿರಾಕಿ ಹೋದ ಮೇಲೆ ನನ್ನ ಕನ್ನಡಕವನ್ನು ಎತ್ತಿ ಕೈಗೆ ಕೊಟ್ಟು, “ಸೋಮವಾರ್ ಸೇ ವಾಪಸ್ ಮ್ಯಾಚಿಂಗ್ ಪೇ” ಎಂದರು. ಒಂದು ಕ್ಷಣ ತಡೆದು, “ಲೇಕಿನ್ ಯೇ ಉತಾರ್ ಕೇ, ಬೆನ್.” ಇದನ್ನು ತೆಗೆದಿಟ್ಟು ಮಾತ್ರ. ಅವರ ಮುಖದಲ್ಲಿ ಕೆಟ್ಟತನವಿರಲಿಲ್ಲ. ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಕೌಂಟರು ಹೋಗುತ್ತದೆಂದು ನಾನೇ ಮುಚ್ಚಿಟ್ಟಿದ್ದೆ. ಅಲ್ಲಿಯೇ ಹೇಳಬಹುದಿತ್ತು. “ಜೀ ಶೇಠ್” ಎಂದೆ.

ಮನೆಯಲ್ಲಿ ಯಜಮಾನರು ಡ್ರಾಪ್ಸ್ ಹಾಕುತ್ತ, “ಎಷ್ಟ್ ಕೆಂಪಾಗೇದ ನೋಡು” ಎಂದು ನಿಟ್ಟುಸಿರಿಟ್ಟರು. “ಇರ್ಲಿ ಬಿಡು, ಆ ಬೂದಿ ಬಣ್ಣದ್ದು ಬಂದ್ರ ಎಲ್ಲಾ ಸರಿ ಆಗ್ತದ.” ಚಷ್ಮಾದವನು ಖಾತ್ರಿ ಕೊಡಲಿಲ್ಲವೆಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ. “ಆಗ್ತದ” ಎಂದೆ.

ಸೋಮವಾರ ಮೊದಲ ಗಿರಾಕಿ ರಾಣಿ ಬಣ್ಣದ ಸೀರೆ ತಂದರು. ಥಾನು ಹೆಗಲಿಗೆ ಹಾಕಿಕೊಂಡು, ಕನ್ನಡಕ ತೆಗೆದು ಎಡಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು, ತಾಡಪತ್ರಿ ದಾಟಿ ಬಿಸಿಲಿಗೆ ಹೋದೆ. ಬೆರಳಿನಿಂದ ರೆಪ್ಪೆ ಎತ್ತಿದೆ. ಕೈಯಲ್ಲಿದ್ದ ಗಾಜು ಮಾತ್ರ ತನ್ನ ಪಾಡಿಗೆ ತಾನು ಕಂದಾಗುತ್ತ ಹೋಯಿತು.